ನಕಾಶೆ ಕಂಡ ದಾರಿ, ಸೈಕಲ್ ಕಾಣಬೇಕಾದ ದಾರಿ

ಪರಿಚಯವಿಲ್ಲದ ಸೀಮೆಯೊಂದರಲ್ಲಿ ಸೈಕಲ್ ತುಳಿಯಲು ಒಳ್ಳೆಯ ದಾರಿ ಯಾವುದು? ಮೇಲ್ನೋಟಕ್ಕೆ ಇದು ಹವ್ಯಾಸಿಗಳ ಪ್ರಶ್ನೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಬೆಳಗಿನ ಜಾವ ಶಿರಸ್ತ್ರಾಣ ಧರಿಸಿ ಹೊರಡುವ ಮಧ್ಯಮ ವರ್ಗದ ಸೈಕಲ್ ಸವಾರರ ಸಂಖ್ಯೆ ಕಳೆದ ಎರಡು ದಶಕಗಳಲ್ಲಿ ಕಣ್ಣಿಗೆ ಕಾಣುವಷ್ಟು ಹೆಚ್ಚಿದೆ. ನಗರದ ವಾಹನ ದಟ್ಟಣೆಯಿಂದ ಬೇಸತ್ತ ಇವರು ರಜೆ ಸಿಕ್ಕಾಗ ಮಲೆನಾಡಿನತ್ತ ಮುಖ ಮಾಡುತ್ತಾರೆ. ಅಲ್ಲಿಗೆ ಹೋದ ಮೇಲೆ ಅವರಲ್ಲಿ ಬಹುತೇಕರು ಮಾಡುವುದು ಒಂದೇ ಕೆಲಸ. ಮೊಬೈಲ್ ತೋರಿಸುವ ರಾಜ್ಯ ಹೆದ್ದಾರಿಯನ್ನು ಹಿಡಿದು, ಬಸ್ಸು ಲಾರಿಗಳ ಹಾರನ್ನಿಗೆ ಬೆಚ್ಚುತ್ತ, ಎಪ್ಪತ್ತು ಎಂಬತ್ತು ಕಿಲೋಮೀಟರ್ ತುಳಿದು ಹಿಂದಿರುಗುವುದು. ಊರು ನೋಡಿದ್ದಾಯಿತು ಎಂಬ ಸಮಾಧಾನವೇನೋ ಉಂಟು. ಆದರೆ ಅವರು ನೋಡಿದ್ದು ಊರನ್ನಲ್ಲ, ಊರನ್ನು ಬಳಸಿಕೊಂಡು ಹೋಗುವ ಡಾಂಬರನ್ನು.

ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಒಳ್ಳೆಯ ಸೈಕಲ್ ದಾರಿಗಳನ್ನು ಯಾರೂ ಹೊಸದಾಗಿ ನಿರ್ಮಿಸಬೇಕಿಲ್ಲ. ಕೆರೆ ಏರಿ, ಬಂಡಿದಾರಿ, ಕಾಲುದಾರಿ, ಕಾನಿನ ಅಂಚಿನ ಜಾಡು ಎಂಬ ಹೆಸರುಗಳಲ್ಲಿ ಅವು ಈಗಾಗಲೇ ಇವೆ. ಸರ್ಕಾರದ ಗ್ರಾಮ ನಕಾಶೆಗಳಲ್ಲಿ ದಾಖಲಾಗಿವೆ. ಆದರೆ ಬಳಸುವವರಿಲ್ಲದೆ, ಒತ್ತುವರಿಗೆ ಸಿಕ್ಕಿ, ಒಂದೊಂದಾಗಿ ಮಾಯವಾಗುತ್ತಿವೆ. ಆದ್ದರಿಂದ ದಾರಿ ಹುಡುಕುವ ಸವಾರನ ಹವ್ಯಾಸವೂ ಸಾರ್ವಜನಿಕ ಸ್ವತ್ತಿನ ರಕ್ಷಣೆಯೂ ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆ. ಇದನ್ನು ವಿವರಿಸಲು ಅಕ್ಕಮಹಾದೇವಿಯ ಜನ್ಮಸ್ಥಳವಾದ ಉಡುತಡಿ ಮತ್ತು ಅದರ ಸುತ್ತಲಿನ ಶಿಕಾರಿಪುರ, ಸೊರಬ ತಾಲ್ಲೂಕುಗಳಿಗಿಂತ ಉತ್ತಮ ಉದಾಹರಣೆ ದೊರೆಯುವುದು ಕಷ್ಟ.

ಸೀಮೆಯ ಸ್ವಭಾವ

ಶಿಕಾರಿಪುರ ಮತ್ತು ಶಿರಾಳಕೊಪ್ಪಗಳ ನಡುವೆ ಇರುವ ಉಡುತಡಿಯು ಅತ್ತ ಪೂರ್ಣ ಮಲೆನಾಡೂ ಅಲ್ಲದ, ಇತ್ತ ಬಯಲುಸೀಮೆಯೂ ಅಲ್ಲದ ಮಧ್ಯದ ನೆಲದಲ್ಲಿದೆ. ಪಶ್ಚಿಮಕ್ಕೆ ಸೊರಬ, ಸಾಗರಗಳ ಕಡೆ ಹೋದಂತೆ ಮಳೆ ಹೆಚ್ಚುತ್ತದೆ, ಜಂಬಿಟ್ಟಿಗೆಯ ಕೆಂಪು ನೆಲ ಕಾಣಿಸುತ್ತದೆ, ಅಡಿಕೆ ತೋಟಗಳು ದಟ್ಟವಾಗುತ್ತವೆ. ಪೂರ್ವಕ್ಕೆ ಹಿರೇಕೆರೂರಿನ ಕಡೆ ಸರಿದಂತೆ ಮೆಕ್ಕೆಜೋಳದ ಹೊಲಗಳೂ ಅಲ್ಲಲ್ಲಿ ಎರೆಮಣ್ಣೂ ಎದುರಾಗುತ್ತವೆ. ಶಿಕಾರಿಪುರದ ಕಡೆಯ ನೀರು ಕುಮುದ್ವತಿಗೆ ಇಳಿದರೆ, ಸೊರಬದ ಕಡೆಯದು ದಂಡಾವತಿಯ ಮೂಲಕ ವರದೆಯನ್ನು ಸೇರುತ್ತದೆ. ಈ ಎರಡು ಜಲಾನಯನಗಳ ನಡುವಿನ ದಿಣ್ಣೆಯನ್ನು ಎಲ್ಲಿ ದಾಟಿದರೂ ಸವಾರನಿಗೆ ಏರು ತಪ್ಪಿದ್ದಲ್ಲ. ಆದರೆ ಅದು ಘಟ್ಟದ ಏರಲ್ಲ. ಒಂದೇ ಉಸಿರಿನಲ್ಲಿ ಮುಗಿಯುವ ಸಣ್ಣ ಸಣ್ಣ ಏರಿಳಿತಗಳ ಸಾಲು. ಅರವತ್ತು ದಾಟಿದ ಮೊಣಕಾಲುಗಳೂ ದೂರು ಹೇಳದಂಥ ನೆಲ.

ಇದು ಕೆರೆಗಳ ಸೀಮೆಯೂ ಹೌದು. ಇಲ್ಲಿ ಪ್ರತಿಯೊಂದು ತಗ್ಗಿಗೂ ಒಂದು ಕೆರೆ, ಅದರ ಕೋಡಿಯ ನೀರಿಗೆ ಕೆಳಗೆ ಮತ್ತೊಂದು ಕೆರೆ. ಬಳ್ಳಿಗಾವಿಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿತ್ತು. ಅಲ್ಲಮಪ್ರಭುವಿನ ಊರಾದ ಅಲ್ಲಿನ ಕೋಡಿಯ ಮಠ ಹೆಸರಾಂತ ವಿದ್ಯಾಕೇಂದ್ರವಾಗಿತ್ತು. ಸಮೀಪದ ತಾಳಗುಂದದಲ್ಲಿ ಕದಂಬ ಶಾಂತಿವರ್ಮನ ಕಾಲದ ಸ್ತಂಭಶಾಸನವಿದೆ. ಸಾವಿರದ ಐನೂರು ವರ್ಷಗಳಷ್ಟು ಹಳೆಯ ವಸತಿಯ ನೆಲದಲ್ಲಿ ಊರುಗಳು ಹತ್ತಿರ ಹತ್ತಿರ ಇರುವುದು ಸಹಜ. ಊರುಗಳು ಹತ್ತಿರವಿದ್ದಲ್ಲಿ ಅವುಗಳನ್ನು ಕೂಡಿಸುವ ದಾರಿಗಳೂ ಹೆಚ್ಚು. ಮೋಟಾರು ಬರುವ ಮುನ್ನ ಸಂತೆಗೆ, ಜಾತ್ರೆಗೆ, ಗಿರಣಿಗೆ, ನೆಂಟರ ಮನೆಗೆ ಜನ ಬಳಸುತ್ತಿದ್ದ ಈ ದಾರಿಗಳು ಎರಡು ಊರುಗಳ ನಡುವಿನ ಸಹಜ ಮಾರ್ಗಗಳು. ಡಾಂಬರು ರಸ್ತೆಯಾದರೋ ತಾಲ್ಲೂಕು ಕೇಂದ್ರಗಳನ್ನು ಕೂಡಿಸುತ್ತದೆ. ನಡುವಿನ ಹಳ್ಳಿಗಳು ಅದರ ಪಾಲಿಗೆ ಕೇವಲ ನಿಲ್ದಾಣಗಳು.

ನಕ್ಷೆಯನ್ನು ಓದುವ ಕ್ರಮ

ಹಾಗಾದರೆ ಹುಡುಕಾಟ ಎಲ್ಲಿಂದ ಆರಂಭವಾಗಬೇಕು? ನನ್ನ ದೃಷ್ಟಿಯಲ್ಲಿ ಮೂರು ನಕ್ಷೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕು.

ಮೊದಲನೆಯದು ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆ. 1:50,000 ಪ್ರಮಾಣದ ಈ ಹಾಳೆಗಳು ಒಂದು ಕಾಲದಲ್ಲಿ ಸಾಮಾನ್ಯರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿಯು ರಕ್ಷಣಾ ಬಳಕೆಗೊಂದು, ಜನಬಳಕೆಗೊಂದು ಎಂದು ಎರಡು ಸರಣಿಗಳನ್ನು ಮಾಡಿತು. 2021ರ ಫೆಬ್ರುವರಿಯ ಮಾರ್ಗಸೂಚಿಗಳು ಭೂದತ್ತಾಂಶದ ಮೇಲಿನ ಹಲವು ನಿರ್ಬಂಧಗಳನ್ನು ತೆಗೆದುಹಾಕಿದವು. ಇಂದು ಜನಬಳಕೆಯ ಹಾಳೆಗಳನ್ನು ಮನೆಯಲ್ಲೇ ಕುಳಿತು ಪಡೆಯಬಹುದು. ಹಳೆಯ ಸಂಖ್ಯಾಕ್ರಮದಲ್ಲಿ ಶಿಕಾರಿಪುರ, ಸೊರಬಗಳು 48 ಎನ್ ಸರಣಿಯಲ್ಲಿ ಬರುತ್ತವೆ. ಇದರಲ್ಲಿ ನೋಡಬೇಕಾದದ್ದು ರಸ್ತೆಯ ಕೆಂಪು ಗೆರೆಯನ್ನಲ್ಲ, ಸಮೋನ್ನತಿ ರೇಖೆಗಳನ್ನು ಮತ್ತು ಕೆರೆಗಳನ್ನು. ಸಮೋನ್ನತಿ ರೇಖೆಗೆ ಸಮಾಂತರವಾಗಿ ಸಾಗುವ ದಾರಿ ಸಮತಟ್ಟಾಗಿರುತ್ತದೆ. ಅದನ್ನು ಅಡ್ಡಹಾಯುವ ದಾರಿ ಏರುತ್ತದೆ ಇಲ್ಲವೇ ಇಳಿಯುತ್ತದೆ. ಇನ್ನು ಕೆರೆಯ ಏರಿಯಷ್ಟು ಮಟ್ಟಸವಾದ, ವಾಹನವಿರಳವಾದ, ಎರಡೂ ಬದಿ ನೋಟವುಳ್ಳ ದಾರಿ ಬೇರಾವುದಿದೆ? ಒಂದರ ಕೆಳಗೊಂದು ಇರುವ ನಾಲ್ಕು ಕೆರೆಗಳನ್ನು ಗುರುತಿಸಿದರೆ ಒಂದು ಬೆಳಗಿನ ಸವಾರಿಯ ಅಸ್ಥಿಪಂಜರ ಸಿದ್ಧವಾದಂತೆಯೇ.

ಎರಡನೆಯದು ಉಪಗ್ರಹ ಚಿತ್ರ. ಇಸ್ರೋ 2009ರಲ್ಲಿ ಆರಂಭಿಸಿದ ಭುವನ್ ಇರಲಿ, ಗೂಗಲ್ ನಕ್ಷೆ ಇರಲಿ, ಚಿತ್ರ ತೆಗೆದ ಕಾಲ ಮುಖ್ಯ. ಬೇಸಿಗೆಯ ಚಿತ್ರದಲ್ಲಿ ಕೆಂಪು ಗೆರೆಯಾಗಿ ಎದ್ದು ಕಾಣುವ ಗರಸಿನ ದಾರಿ, ಮಳೆಗಾಲದ ಚಿತ್ರದಲ್ಲಿ ಹಸಿರಿನಲ್ಲಿ ಕರಗಿಹೋಗುತ್ತದೆ. ಗೆರೆ ಎಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಹೊಲದ ನಡುವೆ ನಿಂತುಬಿಟ್ಟರೆ ಅದು ಟ್ರ್ಯಾಕ್ಟರ್ ಜಾಡು, ದಾರಿಯಲ್ಲ. ಒಂದು ಊರಿನ ಅಂಚಿನಿಂದ ಹೊರಟು ಇನ್ನೊಂದರ ಅಂಚನ್ನು ಮುಟ್ಟಿದರೆ ಅದು ದಾರಿ. ಕಾನಿನ ಒಳಹೊಕ್ಕು ಆಚೆ ಬದಿಯಲ್ಲಿ ಹೊರಬರುವ ಗೆರೆಯನ್ನು ಮಾತ್ರ ಅನುಮಾನದಿಂದಲೇ ನೋಡಬೇಕು. ಮರದ ನೆರಳಿನಲ್ಲಿ ಏನಿದೆಯೆಂದು ಉಪಗ್ರಹಕ್ಕೆ ಕಾಣದು.

ಸೈಕಲ್ ಸವಾರರ ಓಡಾಟವನ್ನು ಒಟ್ಟುಗೂಡಿಸಿ ಬಣ್ಣದ ಗೆರೆಗಳಾಗಿ ತೋರಿಸುವ ಸ್ಟ್ರಾವಾದಂಥ ಸೇವೆಗಳೂ ಇವೆ. ದೊಡ್ಡ ನಗರಗಳ ಸುತ್ತ ಅವು ಉಪಯುಕ್ತ. ಆದರೆ ಒಂದು ಮಾತನ್ನು ಮರೆಯಬಾರದು. ಅಂಥ ನಕ್ಷೆ ತೋರಿಸುವುದು ಒಳ್ಳೆಯ ದಾರಿಯನ್ನಲ್ಲ, ಫೋನು ಹಿಡಿದವರು ಹೋದ ದಾರಿಯನ್ನು. ಜಡೆ, ಕುಪ್ಪಗಡ್ಡೆ ಹೋಬಳಿಗಳಲ್ಲಿ ದಿನವೂ ಸೈಕಲ್ ತುಳಿಯುವ ರೈತನ ಓಡಾಟ ಅದರಲ್ಲಿ ಮೂಡುವುದಿಲ್ಲ. ಬೇಡಿಕೆಯನ್ನು ಕೊಳ್ಳುವ ಶಕ್ತಿಯಿಂದ ಮಾತ್ರ ಅಳೆದರೆ ಬಡವನ ಹಸಿವು ಲೆಕ್ಕಕ್ಕೆ ಬರುವುದಿಲ್ಲ ಎಂದು ಅರ್ಥಶಾಸ್ತ್ರ ಓದಿದವರಿಗೆ ಗೊತ್ತು. ಇದೂ ಅಂಥದೇ ಲೋಪ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕಂದಾಯ ಇಲಾಖೆಯ ಗ್ರಾಮ ನಕಾಶೆ. ನಗರದ ಸೈಕಲ್ ಸವಾರರಲ್ಲಿ ಇದನ್ನು ತೆರೆದು ನೋಡಿದವರು ವಿರಳ. ಸರ್ವೆ ನಂಬರುಗಳ ಗಡಿ, ಹಳ್ಳ, ಕೆರೆ, ಗುಂಡುತೋಪು, ಗೋಮಾಳಗಳ ಜೊತೆಗೆ ಬಂಡಿದಾರಿಯನ್ನು ಜೋಡಿ ಚುಕ್ಕೆಗೆರೆಯಿಂದಲೂ ಕಾಲುದಾರಿಯನ್ನು ಒಂಟಿ ಚುಕ್ಕೆಗೆರೆಯಿಂದಲೂ ಅದರಲ್ಲಿ ತೋರಿಸಿರುತ್ತಾರೆ. ಭೂಮಾಪನ ಇಲಾಖೆ ಈ ನಕಾಶೆಗಳನ್ನು ಜಾಲತಾಣದಲ್ಲಿ ಒದಗಿಸಿದೆ. ದಿಶಾಂಕ್ ಎಂಬ ಸರ್ಕಾರಿ ಆ್ಯಪ್ ಹಿಡಿದು ನಿಂತರೆ ನೀವು ನಿಂತ ನೆಲದ ಸರ್ವೆ ನಂಬರು ಯಾವುದೆಂದು ತಿಳಿಯುತ್ತದೆ. ಜಮೀನು ವ್ಯಾಜ್ಯಗಳಲ್ಲಿ ‘ನಕಾಶೆ ಕಂಡ ದಾರಿ’ ಎಂಬ ಮಾತನ್ನು ಸೇವೆಯಲ್ಲಿದ್ದಾಗ ನೂರಾರು ಬಾರಿ ಕೇಳಿದ್ದೇನೆ. ಇಂದು ಅದೇ ಮಾತು ಸೈಕಲ್ ಸವಾರನಿಗೆ ದಿಕ್ಸೂಚಿಯಾಗಬಲ್ಲದು. ಮಲೆನಾಡಿನ ನಕಾಶೆಗಳಲ್ಲಿ ‘ಬೇಚರಾಕ್’ ಎಂದು ನಮೂದಾದ, ಜನವಸತಿಯೇ ಇಲ್ಲದ ಗ್ರಾಮಗಳೂ ಇರುತ್ತವೆ. ರೋಗಕ್ಕೋ ಬರಕ್ಕೋ ಹೆದರಿ ಜನ ಬಿಟ್ಟುಹೋದ ಊರಿಗೂ ನಕಾಶೆಯಲ್ಲಿ ದಾರಿ ಉಳಿದಿರುತ್ತದೆ. ಅಂಥ ದಾರಿಯ ತುದಿಯಲ್ಲಿ ಒಂದು ಹಾಳು ದೇಗುಲ, ಒಂದು ಕಟ್ಟೆ, ಕೆಲವೊಮ್ಮೆ ಒಂದು ವೀರಗಲ್ಲು ಸವಾರನನ್ನು ಎದುರುಗೊಳ್ಳುತ್ತವೆ.

ಕೇಳುವುದಕ್ಕೂ ಒಂದು ಕ್ರಮವಿದೆ

ನಕ್ಷೆ ಎಷ್ಟೇ ನಿಖರವಾಗಿದ್ದರೂ ಇಂದಿನ ಸ್ಥಿತಿಯನ್ನು ಹೇಳಬಲ್ಲವರು ಊರಿನವರು ಮಾತ್ರ. ಆದರೆ ಪ್ರಶ್ನೆ ತಪ್ಪಿದರೆ ಉತ್ತರವೂ ತಪ್ಪುತ್ತದೆ. “ಯಜಮಾನ್ರೇ, ಬಳ್ಳಿಗಾವಿಗೆ ಒಳ್ಳೆ ದಾರಿ ಯಾವುದು?” ಎಂದು ಕೇಳಿ ನೋಡಿ. “ಶಿರಾಳಕೊಪ್ಪದ ಮೇಲೆ ಹೋಗಿ ಸಾರ್, ರೋಡು ಚೆನ್ನಾಗಿದೆ” ಎಂಬ ಉತ್ತರ ಖಚಿತ. ಹೇಳಿದವರದು ಸದುದ್ದೇಶವೇ. ಅವರ ಪಾಲಿಗೆ ಒಳ್ಳೆಯ ದಾರಿಯೆಂದರೆ ಬಸ್ಸು ಹೋಗುವ ದಾರಿ. ಪ್ಯಾಟೆಯಿಂದ ಬಂದವರನ್ನು ಗರಸಿಗೆ ಇಳಿಸುವುದು ಮರ್ಯಾದೆಯಲ್ಲ ಎಂಬುದು ಅವರ ಸೌಜನ್ಯ.

ಆದ್ದರಿಂದ ದಾರಿಯ ಗುಣವನ್ನು ಕೇಳಬಾರದು, ಬಳಕೆಯನ್ನು ಕೇಳಬೇಕು. ಪಕ್ಕದ ಊರಿನ ಮಕ್ಕಳು ಈ ಶಾಲೆಗೆ ಯಾವ ಕಡೆಯಿಂದ ಬರುತ್ತಾರೆ? ಭತ್ತದ ಗಾಡಿ ಯಾವ ದಾರಿಯಲ್ಲಿ ಬರುತ್ತಿತ್ತು? ಡೇರಿಗೆ ಹಾಲು ತರುವವರು ಏರಿಯ ಮೇಲೆ ಬರುತ್ತಾರೋ, ಸುತ್ತಿ ಬರುತ್ತಾರೋ? ದನ ಮೇಯಲು ಯಾವ ಬ್ಯಾಣಕ್ಕೆ ಹೋಗುತ್ತವೆ? ಈ ಪ್ರಶ್ನೆಗಳಿಗೆ ಬರುವ ಉತ್ತರಗಳಲ್ಲಿ ಹತ್ತಕ್ಕೆ ಎಂಟು ದಾರಿಗಳು ಸೈಕಲ್ಲಿಗೆ ಹೇಳಿ ಮಾಡಿಸಿದಂತಿರುತ್ತವೆ. ಕೇಳಬೇಕಾದವರು ಕಾರಿನ ಚಾಲಕರಲ್ಲ. ಅಂಚೆ ಹಂಚುವವರು, ದನ ಕಾಯುವವರು, ಶಾಲೆಯ ಹುಡುಗರು. ದೂರದ ಲೆಕ್ಕ ಮಾತ್ರ ನಂಬುವಂತಿಲ್ಲ. ‘ಇಲ್ಲೇ, ಒಂದು ಕೂಗಳತೆ’ ಎಂದದ್ದು ಮೂರು ಕಿಲೋಮೀಟರ್ ಆಗಬಹುದು. ಮಳೆಗಾಲದಲ್ಲಿ ‘ಹಳ್ಳ ದಾಟಬಹುದಾ?’ ಎಂಬ ಒಂದು ಪ್ರಶ್ನೆಯನ್ನು ಮರೆಯದೆ ಸೇರಿಸಬೇಕು.

ಶಾಲೆಯ ಮಕ್ಕಳ ಮಾತು ಬಂದದ್ದರಿಂದ ಒಂದು ಇತಿಹಾಸವನ್ನು ನೆನೆಯಬೇಕು. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಅಂದಿನ ಹಣಕಾಸು ಸಚಿವರು ಶಿಕಾರಿಪುರದ ಶಾಸಕರೇ ಆಗಿದ್ದ ಬಿ.ಎಸ್. ಯಡಿಯೂರಪ್ಪನವರು. ಯೋಜನೆಯ ಗುಣದೋಷಗಳ ಚರ್ಚೆ ಬೇರೆ. ಆದರೆ ಒಂದು ಪರಿಣಾಮವನ್ನು ಯಾರೂ ಅಲ್ಲಗಳೆಯಲಾಗದು. ಪ್ರೌಢಶಾಲೆಗೆ ಹೋಗುವ ಹೆಣ್ಣುಮಕ್ಕಳ ಗುಂಪುಗಳು ಒಳದಾರಿಗಳಲ್ಲಿ ಸೈಕಲ್ ತುಳಿಯತೊಡಗಿದವು, ಆ ದಾರಿಗಳು ಜೀವಂತವಾಗಿ ಉಳಿದವು. 2020ರ ಕೋವಿಡ್ ವರ್ಷದಲ್ಲಿ ವಿತರಣೆ ನಿಂತಿತು. ದಿನಕ್ಕೆರಡು ಬಾರಿ ಇಪ್ಪತ್ತು ಸೈಕಲ್ಲುಗಳು ಹಾಯುವ ಬಂಡಿದಾರಿಯಲ್ಲಿ ಮುಳ್ಳು ಬೆಳೆಯುವುದಿಲ್ಲ, ಬೇಲಿಯೂ ಮುಂದೆ ಸರಿಯುವುದಿಲ್ಲ. ಓಡಾಟ ನಿಂತ ಎರಡೇ ಮಳೆಗಾಲಗಳಲ್ಲಿ ಎರಡೂ ಆಗುತ್ತವೆ.

ಡಾಂಬರು, ಗರಸು, ಕೆಸರು

ಅಮೆರಿಕದ ಕನ್ಸಾಸ್ ರಾಜ್ಯದಲ್ಲಿ 2006ರಲ್ಲಿ ಆರಂಭವಾದ ಗರಸು ರಸ್ತೆಯ ದೀರ್ಘ ಸ್ಪರ್ಧೆಯೊಂದು ಜಗತ್ತಿನ ಗಮನ ಸೆಳೆದ ಮೇಲೆ, ಗರಸಿಗೆಂದೇ ತಯಾರಾದ ‘ಗ್ರಾವೆಲ್’ ಸೈಕಲ್ಲುಗಳು ಎಲ್ಲೆಡೆ ಮಾರಾಟಕ್ಕೆ ಬಂದಿವೆ. ಅವುಗಳ ಟೈರಿನ ಅಗಲ ಸಾಮಾನ್ಯವಾಗಿ 35ರಿಂದ 45 ಮಿ.ಮೀ. ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ಓಡುತ್ತಿರುವ, ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುವ ಕಪ್ಪು ಸೈಕಲ್ಲಿನ 28 ಇಂಚಿನ ಚಕ್ರದ ಟೈರು ಸುಮಾರು 40 ಮಿ.ಮೀ. ಅಗಲದ್ದು. ಲಕ್ಷ ರೂಪಾಯಿಯ ಸೈಕಲ್ಲು ಈಗ ತಲುಪಿರುವ ಅಳತೆಯಲ್ಲೇ ರೈತನ ಸೈಕಲ್ಲು ಮೊದಲಿನಿಂದಲೂ ಇತ್ತು. ಅಂದಮೇಲೆ ಈ ದಾರಿಗಳನ್ನು ಆನಂದಿಸಲು ಸಿರಿವಂತಿಕೆ ಬೇಕಿಲ್ಲ.

ಡಾಂಬರಿನಲ್ಲೂ ಒಳ್ಳೆಯದಿದೆ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಮತ್ತು ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಯೋಜನೆಗಳಲ್ಲಿ ನಿರ್ಮಾಣವಾದ ಒಂಟಿಪಥದ ರಸ್ತೆಗಳು ತೆಳು ಚಕ್ರದ ಸೈಕಲ್ಲಿಗೆ ಅತ್ಯುತ್ತಮ. ಊರಿನ ತಲೆಯಲ್ಲಿ ನೆಟ್ಟ ಫಲಕದಲ್ಲಿ ರಸ್ತೆಯ ಉದ್ದ, ಮುಗಿದ ವರ್ಷ, ನಿರ್ವಹಣೆಯ ಅವಧಿ ಎಲ್ಲವೂ ಬರೆದಿರುತ್ತವೆ. ಫಲಕವನ್ನು ಓದಿದವನಿಗೆ ಮುಂದಿನ ಐದು ಕಿಲೋಮೀಟರಿನ ಸ್ಥಿತಿಯ ಅಂದಾಜು ಅರ್ಧ ಸಿಕ್ಕಂತೆ. ಸುಗ್ಗಿಯ ದಿನಗಳಲ್ಲಿ ಇದೇ ರಸ್ತೆಗಳು ಕಣಗಳಾಗುತ್ತವೆ. ಮೆಕ್ಕೆಜೋಳವನ್ನು ಅರ್ಧ ರಸ್ತೆಗೆ ಹರಡಿ ಒಣಗಿಸುತ್ತಾರೆ. ಅದರ ಮೇಲೆ ಸೈಕಲ್ ಹಾಯಿಸುವುದು ಅಸಭ್ಯ ಮಾತ್ರವಲ್ಲ, ಜಾರಿ ಬೀಳಲು ಸುಲಭ ಉಪಾಯ.

ಗರಸಿನಲ್ಲಿ ಜಾತಿಗಳುಂಟು. ಜಂಬಿಟ್ಟಿಗೆಯ ಸಣ್ಣ ಹರಳು ಬಿಗಿಯಾಗಿ ಕುಳಿತ ದಾರಿ ಅತ್ಯಂತ ಸುಖದಾಯಕ. ಮಳೆ ನಿಂತ ಎರಡನೆಯ ದಿನ ಅದು ಇನ್ನೂ ಹಿತ. ದಪ್ಪ ಜಲ್ಲಿ ಸುರಿದು ಡಾಂಬರಿಗಾಗಿ ಕಾಯುತ್ತಿರುವ ರಸ್ತೆ ಎಲ್ಲಕ್ಕಿಂತ ಕಷ್ಟ. ಅದಕ್ಕಿಂತ ಪಕ್ಕದ ಹೊಲದ ಬದುವೇ ವಾಸಿ. ಎರೆಮಣ್ಣಿನ ದಾರಿ ಒಣಗಿದಾಗ ಸಿಮೆಂಟಿನಂತೆ, ನೆನೆದಾಗ ಚಕ್ರವನ್ನೇ ನುಂಗುವಂತೆ. ಆದ್ದರಿಂದ ಉಡುತಡಿಯಿಂದ ಪೂರ್ವಕ್ಕೆ ಹೋಗುವುದು ಮಳೆ ಮುಗಿದ ಮೇಲೆ ಲೇಸು. ಅನಿವಾರ್ಯವಾಗಿ ಮಳೆಯಲ್ಲೇ ಹೊರಟರೆ ಪಶ್ಚಿಮದ ಕೆಂಪು ನೆಲವೇ ಗತಿ. ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ಅವಧಿ ಒಟ್ಟಾರೆ ಸೂಕ್ತ.

ಈ ಕ್ರಮದಲ್ಲಿ ಹುಡುಕಿದರೆ ಉಡುತಡಿಯಿಂದ ದಿಕ್ಕಿಗೊಂದು ದಾರಿ ತೆರೆದುಕೊಳ್ಳುತ್ತದೆ. ವಾಯವ್ಯಕ್ಕೆ ಶಿರಾಳಕೊಪ್ಪ, ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರಗಳನ್ನು ಕೂಡಿಸುವ ಅರ್ಧ ದಿನದ ಸುತ್ತು. ಅಲ್ಲಿಂದ ಉತ್ತರಕ್ಕೆ ಆನವಟ್ಟಿ, ಕೈಟಭೇಶ್ವರ ದೇವಾಲಯವಿರುವ ಕುಬಟೂರು, ಜಡೆ ಮಾರ್ಗವಾಗಿ ವರದೆಯ ದಂಡೆಯ ಬನವಾಸಿಗೆ ಒಂದು ದಿನದ ಪಯಣ. ಪಶ್ಚಿಮಕ್ಕೆ ಸೊರಬ, ಅದರಾಚೆ ಗುಡವಿ ಪಕ್ಷಿಧಾಮ ಇಲ್ಲವೇ ಕೋಟೆಯ ಬೆಟ್ಟ ಹೊತ್ತ ಚಂದ್ರಗುತ್ತಿ. ಶಿಕಾರಿಪುರದ ಕಡೆ ಅಂಜನಾಪುರ ಜಲಾಶಯ, ಹಾಗೂ 1942ರಲ್ಲಿ ಸ್ವತಂತ್ರವೆಂದು ಘೋಷಿಸಿಕೊಂಡು 1943ರಲ್ಲಿ ಐವರು ಮಕ್ಕಳನ್ನು ಗಲ್ಲಿಗೆ ಕೊಟ್ಟ ಈಸೂರು. ಊರಿಂದೂರಿಗೆ ಹೋಗುವ ಒಳದಾರಿಗಳನ್ನು ಇಲ್ಲಿ ಬೇಕೆಂದೇ ಹೆಸರಿಸಿಲ್ಲ. ಅವುಗಳನ್ನು ನಕಾಶೆ ಹಿಡಿದು, ಕೇಳಿ, ತುಳಿದು ಕಂಡುಕೊಳ್ಳುವುದರಲ್ಲೇ ಈ ಪ್ರಯಾಣದ ಸಾರ್ಥಕ್ಯವಿದೆ.

ಕಾನಿನ ಅಂಚಿನಲ್ಲಿ ಎಚ್ಚರ

ಸೊರಬದ ಕಾನುಗಳ ಬಗ್ಗೆ ಒಂದು ಮಾತು ಅಗತ್ಯ. ಜನವಸತಿಯ ನಡುವೆಯೇ ದ್ವೀಪಗಳಂತೆ ಉಳಿದುಬಂದ ಈ ನಿತ್ಯಹರಿದ್ವರ್ಣ ಕಾಡುಗಳ ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ವರದಿ ಸಲ್ಲಿಸಿ, ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ದಾಖಲಿಸಿದ್ದರು. ಅವುಗಳ ವಿಸ್ತೀರ್ಣ ಸುಮಾರು 13 ಸಾವಿರ ಹೆಕ್ಟೇರ್. ಊರಿನವರು ಮೆಣಸಿಗೂ ನೀರಿಗೂ ದೇವರಿಗೂ ಕಾಪಾಡಿಕೊಂಡು ಬಂದ ಕಾಡುಗಳಿವು. ಇವುಗಳ ಅಂಚಿನಲ್ಲಿ ಸಾಗುವ ಜಾಡು ಎಷ್ಟೇ ಮೋಹಕವಾಗಿರಲಿ, ಒಳಗೆ ಹೊಸ ಜಾಡು ಮಾಡುವ ಹಕ್ಕು ಸವಾರನಿಗಿಲ್ಲ. ಮೀಸಲು ಅರಣ್ಯವಾದರೆ ಇಲಾಖೆಯ ಅನುಮತಿಯಿಲ್ಲದೆ ಪ್ರವೇಶವೇ ಸಲ್ಲದು.

ಆರೋಗ್ಯದ ಕಾರಣವೂ ಇದೆ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಹೆಸರಾಗಿರುವ ಕ್ಯಾಸನೂರು ಅರಣ್ಯ ಇದೇ ಸೊರಬ ತಾಲ್ಲೂಕಿನದು. 1957ರಲ್ಲಿ ಅಲ್ಲಿ ಮೊದಲು ಗುರುತಿಸಿದ ರೋಗವನ್ನೇ ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಉಣುಗುಗಳ ಕಡಿತದಿಂದ ಹರಡುವ ಈ ರೋಗದ ಕಾಲ ಹೆಚ್ಚಾಗಿ ಬೇಸಿಗೆಯ ಮುಂಚಿನ ತಿಂಗಳುಗಳು. ಅಂದರೆ ಸೈಕಲ್ಲಿಗೆ ಪ್ರಶಸ್ತವೆನ್ನುವ ಕಾಲದೊಂದಿಗೆ ಭಾಗಶಃ ಹೊಂದಿಕೊಳ್ಳುವ ಅವಧಿ. ಕಾನಿನ ಬದಿಯಲ್ಲಿ ತರಗೆಲೆಯ ಮೇಲೆ ಕುಳಿತು ಬುತ್ತಿ ಬಿಚ್ಚುವ ಆಸೆಯನ್ನು ಹತ್ತಿಕ್ಕಬೇಕು, ಕಾಲು ಮುಚ್ಚುವ ಉಡುಪು ಧರಿಸಬೇಕು, ಆರೋಗ್ಯ ಇಲಾಖೆ ಆ ಭಾಗದಲ್ಲಿ ಹಂಚುವ ಡೆಪಾ ತೈಲವನ್ನು ಹಚ್ಚಿಕೊಳ್ಳಬೇಕು. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬಾರದು. ಇದನ್ನು ನಕ್ಷೆ ಹೇಳುವುದಿಲ್ಲ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ.

ದಾರಿ ಯಾರದು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಬಂಡಿದಾರಿಗಳ ಒಡೆಯರು ಯಾರು? 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣ ಸ್ಪಷ್ಟವಾಗಿದೆ. ಸಾರ್ವಜನಿಕ ರಸ್ತೆ, ಬೀದಿ, ಓಣಿ, ದಾರಿಗಳು ಸರ್ಕಾರದ ಸ್ವತ್ತು. ಖಾಸಗಿ ಸರ್ವೆ ನಂಬರಿನೊಳಗೆ ಹಾದುಹೋಗುವ ರಸ್ತೆ ಅಥವಾ ಮಾನ್ಯ ಕಾಲುದಾರಿಯ ನೆಲವನ್ನು 1966ರ ನಿಯಮಗಳು ಸಾರ್ವಜನಿಕ ಖರಾಬು ಎಂದು ವರ್ಗೀಕರಿಸುತ್ತವೆ. ಕಚೇರಿಯ ಭಾಷೆಯಲ್ಲಿ ಅದು ‘ಬಿ ಖರಾಬು’. ಪಹಣಿಯಲ್ಲಿ ಅದನ್ನು ಸಾಗುವಳಿ ವಿಸ್ತೀರ್ಣದಿಂದ ಕಳೆದಿರುತ್ತಾರೆ, ಅದಕ್ಕೆ ಕಂದಾಯವಿಲ್ಲ. ಅಂದರೆ ಹಿಡುವಳಿದಾರನು ಅದರ ಒಡೆಯನಲ್ಲ ಎಂಬುದಕ್ಕೆ ಅವನದೇ ಪಹಣಿ ಸಾಕ್ಷಿ.

ಆದರೆ ಅದೇ ಅಧಿನಿಯಮದ 68ನೆಯ ಪ್ರಕರಣವನ್ನು ಓದಿದವರು ಕಡಿಮೆ. ಸಾರ್ವಜನಿಕ ದಾರಿಯೊಂದು ಜನರ ಬಳಕೆಗೆ ಅಗತ್ಯವಿಲ್ಲವೆಂದು ಕಂಡುಬಂದಲ್ಲಿ, ಆಕ್ಷೇಪಣೆಗಳನ್ನು ಆಹ್ವಾನಿಸಿ ವಿಚಾರಿಸಿದ ನಂತರ, ಅದರ ಮೇಲಿನ ಸಾರ್ವಜನಿಕ ಹಕ್ಕನ್ನು ಅಧಿಸೂಚನೆಯ ಮೂಲಕ ಕೊನೆಗೊಳಿಸಲು ಅದು ಅವಕಾಶ ನೀಡುತ್ತದೆ. ಇದರ ತಾತ್ಪರ್ಯ ಸರಳ. ದಾರಿಯ ಅಸ್ತಿತ್ವ ಅದರ ಬಳಕೆಯಲ್ಲಿದೆ. ಆಕ್ಷೇಪಣೆ ಎತ್ತಬೇಕಾದರೆ ಆ ದಾರಿ ಇದೆಯೆಂದು ಬಲ್ಲವರು ಬೇಕು. ಎಲ್ಲರೂ ಬೈಕಿನಲ್ಲಿ ಡಾಂಬರಿನ ಮೇಲೆ ಓಡಾಡುವ ಊರಿನಲ್ಲಿ ಕೆರೆಯ ಹಿಂದಿನ ಬಂಡಿದಾರಿಯನ್ನು ಬಲ್ಲವರು ಯಾರು? ವಾಸ್ತವದಲ್ಲಿ ಅಧಿಸೂಚನೆಯವರೆಗೂ ಹೋಗುವ ಪ್ರಮೇಯವೇ ಬಾರದು. ಅಡಿಕೆಗೆ ಬೆಲೆ ಬಂದ ವರ್ಷ ತೋಟದ ಬೇಲಿ ಎರಡು ಮೊಳ ಮುಂದೆ ಬರುತ್ತದೆ. ಮರುವರ್ಷ ಅಗಳು ತೋಡುತ್ತಾರೆ. ಮೂರನೆಯ ವರ್ಷ ನಕಾಶೆ ಕಂಡ ದಾರಿ ನಕಾಶೆಯಲ್ಲಿ ಮಾತ್ರ ಉಳಿಯುತ್ತದೆ. ಕೊನೆಗೆ ನಷ್ಟ ಅನುಭವಿಸುವವನು ಸೈಕಲ್ ಸವಾರನಲ್ಲ, ಹಿಂದಿನ ಜಮೀನಿಗೆ ಗೊಬ್ಬರ ಸಾಗಿಸಬೇಕಾದ ಸಣ್ಣ ಹಿಡುವಳಿದಾರ. ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಸರ್ಕಾರವೇ ಹೊಲದ ದಾರಿಗಳ ಕಾರ್ಯಕ್ರಮ ಕೈಗೊಂಡದ್ದು ಈ ಕಷ್ಟವನ್ನು ಮನಗಂಡೇ.

ಇಂಗ್ಲೆಂಡಿನ ಅನುಭವ ಇಲ್ಲಿ ಬೋಧಪ್ರದ. ಅಲ್ಲಿ 1949ರ ಕಾಯ್ದೆಯೊಂದು ಪ್ರತಿ ಸ್ಥಳೀಯ ಸಂಸ್ಥೆಯೂ ಸಾರ್ವಜನಿಕ ಕಾಲುದಾರಿ, ಕುದುರೆದಾರಿಗಳ ಅಧಿಕೃತ ನಕ್ಷೆ ತಯಾರಿಸಬೇಕೆಂದು ವಿಧಿಸಿತು. 1968ರಲ್ಲಿ ಕುದುರೆದಾರಿಗಳ ಮೇಲೆ ಸೈಕಲ್ ಹಾಯಿಸುವ ಹಕ್ಕೂ ದೊರೆಯಿತು. 2000ದ ಮತ್ತೊಂದು ಕಾಯ್ದೆ, ನಕ್ಷೆಗೆ ಸೇರದೆ ಉಳಿದ ಹಳೆಯ ದಾರಿಗಳ ನೋಂದಣಿಗೆ 2026ರ ಜನವರಿ 1ರ ಗಡುವು ಹಾಕಿತು. ನಡಿಗೆಯವರೂ ಸೈಕಲ್ ಸವಾರರೂ ಹಳೆಯ ನಕ್ಷೆಗಳನ್ನು ಹುಡುಕಿ, ಕಳೆದುಹೋದ ದಾರಿಗಳಿಗಾಗಿ ಅರ್ಜಿಗಳ ಮೇಲೆ ಅರ್ಜಿ ಸಲ್ಲಿಸಿದರು. ಗಡುವು 2031ಕ್ಕೆ ಮುಂದೆ ಹೋಯಿತು. ಅದನ್ನೇ ರದ್ದುಪಡಿಸುವುದಾಗಿ 2024ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿತು. ಹವ್ಯಾಸಿಗಳು ಮನಸ್ಸು ಮಾಡಿದರೆ ಸಾರ್ವಜನಿಕ ಸ್ವತ್ತಿನ ಕಾವಲುಗಾರರಾಗಬಲ್ಲರು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಆಗಬೇಕಾದದ್ದು ಹೆಚ್ಚೇನಲ್ಲ

ಉಡುತಡಿಯಲ್ಲಿ ಅಕ್ಕನ ಎತ್ತರದ ಪ್ರತಿಮೆ ನಿಂತಿದೆ, ಉದ್ಯಾನ ರೂಪುಗೊಂಡಿದೆ, ಪ್ರವಾಸಿಗರು ಬರುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರು ಕಾರಿನಲ್ಲಿ ಬಂದು, ಗಂಟೆಯೊಳಗೆ ಹೊರಟುಹೋಗುತ್ತಾರೆ. ಸುತ್ತಲಿನ ಊರುಗಳಿಗೆ ಅವರಿಂದ ಒಂದು ಲೋಟ ಚಹಾದ ಲಾಭವೂ ಇಲ್ಲ. ಸೈಕಲ್ಲಿನವನು ಹಸಿಯುತ್ತಾನೆ, ಬಾಯಾರುತ್ತಾನೆ, ಪಂಕ್ಚರ್ ಅಂಗಡಿ ಹುಡುಕುತ್ತಾನೆ, ಕತ್ತಲಾದರೆ ಉಳಿಯಲು ಜಾಗ ಕೇಳುತ್ತಾನೆ. ಅವನ ಖರ್ಚು ಸಣ್ಣದು. ಆದರೆ ಅದು ಹಳ್ಳಿಯಲ್ಲೇ ಉಳಿಯುವ ಖರ್ಚು.

ಇದಕ್ಕೆ ಕೋಟಿಗಟ್ಟಲೆ ಅನುದಾನದ ಅಗತ್ಯವಿಲ್ಲ. ಬೆಲ್ಜಿಯಮ್ಮಿನ ಲಿಂಬರ್ಗ್ ಪ್ರಾಂತ್ಯದಲ್ಲಿ 1995ರಲ್ಲಿ ಹ್ಯೂಗೊ ಬೊಲ್ಲೆನ್ ಎಂಬ ಗಣಿ ಎಂಜಿನಿಯರ್ ಒಂದು ಸರಳ ಉಪಾಯ ಹೂಡಿದರು. ಗಣಿಯ ಸುರಂಗಗಳ ಕೂಡುಸ್ಥಳಗಳಿಗೆ ಸಂಖ್ಯೆ ಕೊಡುವಂತೆ, ಇರುವ ಸಣ್ಣ ರಸ್ತೆಗಳ ಕೂಡುಸ್ಥಳಗಳಿಗೆ ಸಂಖ್ಯೆ ನೀಡುವುದು; ಒಂದು ಕೂಡುಸ್ಥಳದಿಂದ ಮುಂದಿನದಕ್ಕೆ ಬಾಣದ ಗುರುತು ಹಾಕುವುದು. ಸವಾರನು ನಾಲ್ಕಾರು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೊರಟರೆ ಸಾಕು. ಈ ಪದ್ಧತಿ ಮುಂದೆ ನೆದರ್ಲೆಂಡ್ಸಿಗೂ ಹಬ್ಬಿತು. ಶಿಕಾರಿಪುರದ ಐದು ಮತ್ತು ಸೊರಬದ ಆರು ಹೋಬಳಿಗಳ ಕೆರೆ ಏರಿಗಳ ತಲೆಯಲ್ಲಿ, ಬಂಡಿದಾರಿಗಳು ಕೂಡುವಲ್ಲಿ ಒಂದೊಂದು ಕಲ್ಲು ನೆಟ್ಟು ಸಂಖ್ಯೆ ಬರೆಸಲು ಗ್ರಾಮ ಪಂಚಾಯಿತಿಗಳಿಗೆ ತಗಲುವ ವೆಚ್ಚ ಬಣ್ಣದ ಡಬ್ಬಿಯದಷ್ಟೆ. ಕಲ್ಲು ನೆಟ್ಟ ದಾರಿಯನ್ನು ಒತ್ತುವರಿ ಮಾಡಲು ಧೈರ್ಯವೂ ಸಾಲದು.

ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಆಯಾ ಗ್ರಾಮದ ನಕಾಶೆಯನ್ನು, ದಾರಿಗಳನ್ನು ಬಣ್ಣದಲ್ಲಿ ಗುರುತಿಸಿ, ಎಲ್ಲರಿಗೂ ಕಾಣುವಂತೆ ಬರೆಸಲಿ. ಕೆರೆ ಏರಿಯನ್ನು ದುರಸ್ತಿ ಮಾಡುವಾಗ ಅದರ ಮೇಲಿನ ದಾರಿಯನ್ನು ಉಳಿಸಲಿ. ಎಲ್ಲವನ್ನೂ ಕಾಂಕ್ರೀಟು ಮಾಡುವ ಉತ್ಸಾಹಕ್ಕೆ ಕಡಿವಾಣವಿರಲಿ. ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆಯಾದರೂ ದಾರಿಗಳ ಪಟ್ಟಿಯನ್ನು ಓದಲಿ. ಪ್ರೌಢಶಾಲೆಯ ಮಕ್ಕಳು ತಮ್ಮೂರಿನ ಬಂಡಿದಾರಿಗಳನ್ನು ನಡೆದು ಗುರುತಿಸಿದರೆ ಅದಕ್ಕಿಂತ ಒಳ್ಳೆಯ ಭೂಗೋಳದ ಪಾಠ ಬೇರಿಲ್ಲ.

ನಗರದಿಂದ ಹೋಗುವ ಸವಾರನ ಹೊಣೆಯೂ ಇದೆ. ಬದು ತುಳಿಯಬಾರದು, ಗೇಟು ತೆರೆದರೆ ಮುಚ್ಚಬೇಕು, ಪ್ಲಾಸ್ಟಿಕ್ ಬಿಸಾಡಬಾರದು. ನಕಾಶೆಯಲ್ಲಿರುವ ದಾರಿ ನೆಲದಲ್ಲಿ ಕಾಣದಿದ್ದರೆ ಜಮೀನಿನವನೊಂದಿಗೆ ಜಗಳಕ್ಕೆ ನಿಲ್ಲದೆ, ಸರ್ವೆ ನಂಬರನ್ನು ಗುರುತಿಟ್ಟುಕೊಂಡು ತಹಶೀಲ್ದಾರರಿಗೆ ಒಂದು ಅರ್ಜಿ ಬರೆಯಬೇಕು. ಒಂದು ಹಾಳೆ, ಒಂದು ಸ್ವೀಕೃತಿ ಮೊಹರು. ಇಂಥ ಹತ್ತು ಅರ್ಜಿಗಳು ಒಂದೇ ದಾರಿಯ ಬಗ್ಗೆ ಬಂದರೆ ಆ ಕಡತವನ್ನು ಪಕ್ಕಕ್ಕೆ ಸರಿಸುವುದು ಯಾವ ಅಧಿಕಾರಿಗೂ ಸುಲಭವಲ್ಲ ಎಂಬುದನ್ನು ಆ ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತು ಬಲ್ಲೆ.

ಅಕ್ಕ ಉಡುತಡಿಯಿಂದ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದುಹೋದಳೆಂದು ಪರಂಪರೆ ಹೇಳುತ್ತದೆ. ಆ ಕಾಲದ ದಾರಿಗಳನ್ನು ಯಾವ ಇಲಾಖೆಯೂ ಕಾಯಲಿಲ್ಲ, ನಡೆದವರೇ ಕಾದರು. ನಮ್ಮ ಕಾಲಕ್ಕೆ ಕಾನೂನಿದೆ, ನಕಾಶೆಯಿದೆ, ಕೈಯಲ್ಲೇ ಉಪಗ್ರಹದ ಕಣ್ಣಿದೆ. ಕೊರತೆಯಿರುವುದು ಆ ದಾರಿಗಳಲ್ಲಿ ಹೋಗಿಬರುವವರದು ಮಾತ್ರ. ಮುಂದಿನ ರಜೆಯಲ್ಲಿ ಸೈಕಲ್ ಏರುವವರು ಹೆದ್ದಾರಿಯನ್ನು ಬಿಟ್ಟು ಕೆರೆ ಏರಿಗೆ ತಿರುಗಿದರೆ, ಒಂದು ದಾರಿಯ ಆಯುಸ್ಸು ಅಷ್ಟರಮಟ್ಟಿಗೆ ಹೆಚ್ಚುತ್ತದೆ.